ಹರಿಯದ ಅಂಗಿ

ಕನ್ನಡ ಶಾಲೆಯ ಮಗುವಿಗೆ ಮೊದಲು ಪರಿಚಯವಾಗುವ ಹುಲಿಯ ಹೆಸರು ಅರ್ಬುತ. ಗೋವಿನ ಹಾಡಿನಲ್ಲಿ ಅದು ಹಸಿದಿರುತ್ತದೆ. ಪುಣ್ಯಕೋಟಿ ಎದುರಾಗುತ್ತದೆ, ಕರುವಿಗೆ ಹಾಲು ಕೊಟ್ಟು ಬರುತ್ತೇನೆಂದು ಮಾತು ಕೊಟ್ಟು ಹೋಗುತ್ತದೆ, ಮಾತಿಗೆ ತಪ್ಪದೆ ಮರಳಿ ಬರುತ್ತದೆ. ಹುಲಿ ನಾಚಿಕೊಂಡು ಹಾರಿ ಪ್ರಾಣ ಬಿಡುತ್ತದೆ. ಹಸುವಿನ ಸತ್ಯದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಹುಲಿ ಯಾಕೆ ಸಾಯಬೇಕಿತ್ತು ಎಂದು ಕೇಳಿದವರೂ ಇದ್ದಾರೆ. ನನ್ನನ್ನು ಕಾಡುವುದು ಇನ್ನೂ ಸಣ್ಣ ಸಂಗತಿ. ಹಾಡಿನೊಳಗೆ ಆ ಹುಲಿ ಯಾವ ಹಸುವನ್ನೂ ಕೊಂದಿಲ್ಲ. ಅದಕ್ಕೆ ಹಸಿವಾಗಿತ್ತು, ಅಷ್ಟೆ. ಹಸಿವೇ ಅಪರಾಧವಾಯಿತು, ಅಪರಾಧಿ ತಾನೇ ತನಗೆ ಮರಣದಂಡನೆ ವಿಧಿಸಿಕೊಂಡಿತು. ಊರಿನವರ ಕೈಗೆ ರಕ್ತ ಹತ್ತಲಿಲ್ಲ.

ಉರ್ದು ಶಾಲೆಯ ಮಗುವಿಗೆ ಸಿಗುವ ಬೇಟೆಗಾರರು ಬೇರೆ. ಒಂದು ಇಕ್ಬಾಲರ ಜೇಡ. ಅದು ನೊಣವನ್ನು ಹೊಗಳಿ ಹೊಗಳಿ ಮನೆಯೊಳಗೆ ಕರೆದು ತಿಂದುಹಾಕುತ್ತದೆ. ಇನ್ನೊಂದು, ಮುಂದೆ ರಾಷ್ಟ್ರಪತಿಯಾದ ಡಾ. ಜಾಕಿರ್ ಹುಸೇನರು ಮಕ್ಕಳಿಗಾಗಿ ಬರೆದ 'ಅಬ್ಬೂ ಖಾನ್ ಕೀ ಬಕ್ರೀ' ಕತೆಯ ತೋಳ. ಅಲ್ಮೋರಾದ ಅಬ್ಬೂ ಖಾನ್ ಸಾಕಿದ ಚಾಂದನಿ ಎಂಬ ಆಡು ಹಗ್ಗದ ಬದುಕು ಬೇಡವೆಂದು ಗುಡ್ಡಕ್ಕೆ ಓಡಿಹೋಗುತ್ತದೆ, ರಾತ್ರಿಯಿಡೀ ತೋಳದೊಂದಿಗೆ ಕಾದಾಡುತ್ತದೆ, ಬೆಳಗಿನ ಜಾವ ಸಾಯುತ್ತದೆ. ಮರದ ಮೇಲಿನ ಹಕ್ಕಿಗಳೆಲ್ಲ ತೋಳ ಗೆದ್ದಿತೆನ್ನುತ್ತವೆ, ಮುದಿ ಹಕ್ಕಿಯೊಂದು ಮಾತ್ರ ಗೆದ್ದವಳು ಚಾಂದನಿ ಎನ್ನುತ್ತದೆ. ಆಡಿನ ಗೌರವ ಉಳಿಸಲು ಈ ಕತೆ ತೋಳವನ್ನು ಕೊಲ್ಲಬೇಕಾಗಿಲ್ಲ, ನಾಚಿಸಬೇಕಾಗಿಯೂ ಇಲ್ಲ. ಉರ್ದು ಹೆಚ್ಚು, ಕನ್ನಡ ಕಡಿಮೆ ಎಂದು ತಕ್ಕಡಿ ಹಿಡಿಯಲು ಇದನ್ನು ಹೇಳುತ್ತಿಲ್ಲ. ಉರ್ದುವಿನ ದಾಸ್ತಾನುಗಳಲ್ಲಿ ಸಿಂಹವನ್ನು ಬರಿಗೈಲಿ ಸೀಳುವ ಶೂರರಿಗೆ ಬರವಿಲ್ಲ. ಎರಡೂ ಶಾಲೆಗಳಲ್ಲಿ ಕೂತು ಬಂದವರಿಗೆ ಎರಡು ಬಗೆಯ ಸಾವು ಒಟ್ಟಿಗೆ ಕಾಣಿಸುತ್ತದೆ, ಅಷ್ಟೇ ನನ್ನ ಮಾತು.

ಹಾಡಿನ ಹುಲಿ ತಾನಾಗಿ ಸತ್ತಿತು. ಕಾಡಿನ ಹುಲಿ ಹಾಗೆ ಸಾಯಲಿಲ್ಲವಾದ್ದರಿಂದ ಸರ್ಕಾರ ಅದರ ತಲೆಗೆ ಬೆಲೆ ಕಟ್ಟಬೇಕಾಯಿತು.

ಆ ಬೆಲೆಯ ಚರಿತ್ರೆ ನಮ್ಮ ಸೀಮೆಗೆ ದೂರದ್ದಲ್ಲ. ಹಿರೇಕೆರೂರು ಕಡೆಯ ಮಾಸೂರು ಎಂದರೆ ಹೆಚ್ಚಿನ ಕನ್ನಡಿಗರಿಗೆ ಎರಡು ನೆನಪು: ಸರ್ವಜ್ಞನ ತಂದೆ ಬಸವರಸನ ಊರು ಎಂಬ ಪ್ರತೀತಿ ಒಂದು, ಜನಪದ ಹಾಡಿನ ಮದಗದ ಕೆರೆ ಇನ್ನೊಂದು. ಎರಡು ಗುಡ್ಡಗಳ ನಡುವೆ ಕುಮುದ್ವತಿಯನ್ನು ಕಟ್ಟಿ ನಿಲ್ಲಿಸಿದ ಆ ಕೆರೆಯ ದಂಡೆ ಏರಿ ನಿಂತರೆ ಒಂದು ಕಡೆ ಹಾವೇರಿಯ ಬಯಲು, ಇನ್ನೊಂದು ಕಡೆ ಮಲೆನಾಡಿನ ಸೆರಗು. 1956ರ ಏಕೀಕರಣದ ತನಕ ಇದು ಎರಡು ಆಡಳಿತಗಳ ಗಡಿಯೂ ಆಗಿತ್ತು. ಮಾಸೂರು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯ ಕೋಡ ತಾಲೂಕಿಗೆ ಸೇರಿತ್ತು. ದಕ್ಷಿಣಕ್ಕೆ ನಡೆದರೆ ಮೈಸೂರು ಸಂಸ್ಥಾನದ ಶಿಕಾರಿಪುರ. ಆ ಊರಿನ ಹಳೆಯ ಹೆಸರು ಮಹಾದಾನಪುರ ಎನ್ನುತ್ತಾರೆ. ಹೈದರ್ ಅಥವಾ ಟಿಪ್ಪುವಿನ ಕಾಲದಲ್ಲಿ ಬೇಟೆ ಹೇರಳವಾಗಿ ಸಿಕ್ಕಿತೆಂದು ಶಿಕಾರಿಪುರವಾಯಿತಂತೆ. ದಾನದ ಊರು ಶಿಕಾರಿಯ ಊರಾದದ್ದನ್ನು ನೆನೆದರೆ ಕತೆಗಾರನಿಗೆ ಆಸೆಯಾಗುತ್ತದೆ. ಆದರೆ ಅರಸರ ಶಿಕಾರಿಗೂ ನಾನು ಹೇಳಹೊರಟ ಸರ್ಕಾರಿ ಕೊಲೆಗೂ ವ್ಯತ್ಯಾಸವಿದೆ. ಅರಸ ತನ್ನ ಮೋಜಿಗೆ, ಮೆರವಣಿಗೆಗೆ ಕೊಂದ. ಕಂಪನಿ ಸರ್ಕಾರ, ಆಮೇಲೆ ರಾಣಿಯ ಸರ್ಕಾರ ಕೊಂದದ್ದು ಲೆಕ್ಕಪುಸ್ತಕ ಇಟ್ಟುಕೊಂಡು.

ಹುಲಿ, ಚಿರತೆ, ತೋಳ, ಕೆನ್ನಾಯಿ, ಕತ್ತೆಕಿರುಬ, ಎಲ್ಲಕ್ಕೂ ಇನಾಮಿನ ದರಪಟ್ಟಿ ಇತ್ತು. ಪ್ರಾಂತದಿಂದ ಪ್ರಾಂತಕ್ಕೆ ದರ ಬೇರೆಯಾಗುತ್ತಿತ್ತು, ಮರಿಗೆ ಒಂದು, ದೊಡ್ಡದಕ್ಕೆ ಒಂದು. ಕೊಂದವನು ತಲೆಯನ್ನೋ ಚರ್ಮವನ್ನೋ ಕಚೇರಿಗೆ ತಂದು ಒಪ್ಪಿಸಿ ಹಣ ಎಣಿಸಿಕೊಂಡು ಹೋಗಬೇಕು. ಹೀಗೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಈ ದೇಶದಲ್ಲಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ, 2,00,000 ತೋಳಗಳು ಸತ್ತವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಸರ್ಕಾರಿ ದಾಖಲೆಗಳಿಂದಲೇ ಲೆಕ್ಕ ಕೊಟ್ಟಿದ್ದಾರೆ. ಇನಾಮಿಗಾಗಿ ಕಚೇರಿ ತಲುಪಿದವುಗಳ ಲೆಕ್ಕ ಇದು. ಗುಂಡು ತಗುಲಿ ಪೊದೆಯಲ್ಲಿ ಬಿದ್ದು ಕೊಳೆತವು, ವಿಷ ತಿಂದು ಬಿಲದೊಳಗೆ ಸತ್ತವು ಇದರಲ್ಲಿಲ್ಲ. ನರಿಯ ತಲೆಯನ್ನು ತೋಳದ್ದೆಂದು ತೋರಿಸಿ ಹಣ ಹೊಡೆದವರ ದೂರುಗಳೂ ದಾಖಲೆಯಾಗಿವೆ. ತಲೆ ಎಣಿಸುವ ಗುಮಾಸ್ತನಿಗೆ ಅದು ತೋಳವೋ ನರಿಯೋ ಎಂಬುದೇ ಖಾತ್ರಿಯಿಲ್ಲದಿದ್ದರೆ, ಆ ತೋಳ ಕುರಿ ಹಿಡಿದದ್ದೋ ಅಲ್ಲವೋ ಎಂದು ಕೇಳುವವರು ಯಾರು? ಆ ಪ್ರಶ್ನೆಗೆ ದರಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ.

ಇದೆಲ್ಲ ರೈತನ ಮೇಲಿನ ಕರುಣೆಯಿಂದ ಎಂದು ಆಗ ಹೇಳಿದರು, ಈಗಲೂ ಕೆಲವರು ನಂಬುತ್ತಾರೆ. ರೈತ ಸಾಯುತ್ತಿದ್ದದ್ದು ನಿಜ, ದನ ಕಳೆದುಕೊಳ್ಳುತ್ತಿದ್ದದ್ದೂ ನಿಜ. ಆದರೆ ಕಾಡು ಕಡಿದು ಹೊಲವಾದರೆ ಕಂದಾಯ ಬರುತ್ತದೆ, ಹುಲಿ ಇದ್ದರೆ ಹೊಲ ಹಬ್ಬುವುದಿಲ್ಲ ಎಂಬ ಲೆಕ್ಕ ಕರುಣೆಯ ಕೆಳಗೇ ಇತ್ತು. ಇನ್ನೊಂದು ತಮಾಷೆಯನ್ನೂ ನೋಡಿ. 1857ರ ಭಯ ಆರದ ಸರ್ಕಾರ 1878ರಲ್ಲಿ ಶಸ್ತ್ರಾಸ್ತ್ರ ಕಾಯ್ದೆ ತಂದು ಹಳ್ಳಿಗನ ಕೈಯ ಬಂದೂಕಿಗೆ ಪರವಾನಗಿಯ ಬೀಗ ಹಾಕಿತು. ಒಂದು ಕೈಯಿಂದ ಅವನ ಕೋವಿ ಕಸಿದು, ಇನ್ನೊಂದು ಕೈಯಿಂದ ಹುಲಿ ಕೊಂದವನಿಗೆ ಇನಾಮು ನೀಡಿತು. ತನ್ನ ಹಟ್ಟಿಯನ್ನು ತಾನೇ ಕಾಯುವ ಹಕ್ಕು ಕಳೆದುಕೊಂಡವನು ಸಾಹೇಬರ ದಾರಿ ಕಾಯಬೇಕಾಯಿತು. 'ಹುಲಿಯಿಂದ ಕಾಪಾಡುವ ಸರ್ಕಾರ' ಎಂಬ ಚಿತ್ರ ಮೂಡಿದ್ದು ಹೀಗೆ. ಆ ಚಿತ್ರದ ಮಸಿ ಇನ್ನೂ ಒಣಗಿಲ್ಲ.

ಇದಕ್ಕೆ ವಿರೋಧ ಇರಲಿಲ್ಲವೇ? ಇತ್ತು, ಅದೂ ನಮ್ಮ ಮೈಸೂರು ಸಂಸ್ಥಾನದ ನೌಕರನೊಬ್ಬನಿಂದ. ಜಿ.ಪಿ. ಸ್ಯಾಂಡರ್ಸನ್ ನೀರಾವರಿ ಇಲಾಖೆಯಲ್ಲಿದ್ದವನು, 1874ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ಮಾಡಿ ಆನೆ ಹಿಡಿಸಿ ಹೆಸರಾದವನು, ಸ್ವತಃ ನರಭಕ್ಷಕಗಳನ್ನು ಹೊಡೆದ ಪಕ್ಕಾ ಶಿಕಾರಿ. ಭಾರತದ ಕಾಡುಮೃಗಗಳ ನಡುವೆ ಕಳೆದ ಹದಿಮೂರು ವರ್ಷಗಳ ಬಗೆಗಿನ ಅವನ ಪುಸ್ತಕ 1878ರಲ್ಲಿ, ಅಂದರೆ ಆ ಶಸ್ತ್ರಾಸ್ತ್ರ ಕಾಯ್ದೆಯ ವರ್ಷವೇ ಬಂತು. ಹುಲಿಯ ವಿರುದ್ಧದ ಕೂಗು ಎದ್ದದ್ದು ಇಂಗ್ಲೆಂಡಿನಲ್ಲಿ ಕೂತವರಿಂದ, ಇಲ್ಲಿಯ ರೈತನಿಂದಲ್ಲ ಎಂದು ಅವನು ಅದರಲ್ಲಿ ವಾದಿಸುತ್ತಾನೆ. ಹಂದಿ, ಜಿಂಕೆಗಳನ್ನು ತಿಂದು ಬೆಳೆ ಉಳಿಸುವುದೇ ಹುಲಿ, ಎಲ್ಲ ಹುಲಿಗಳನ್ನೂ ಮುಗಿಸಿದರೆ ಪ್ರಕೃತಿಯ ತಕ್ಕಡಿ ತಪ್ಪುತ್ತದೆ ಎನ್ನುತ್ತಾನೆ. ಮನುಷ್ಯನನ್ನು ತಿನ್ನುವ ಹುಲಿಯನ್ನು ಕೊಲ್ಲಲೇಬೇಕೆಂಬುದರಲ್ಲಿ ಅವನಿಗೆ ಅನುಮಾನವಿಲ್ಲ. ಆಕ್ಷೇಪ ಇದ್ದದ್ದು ಕುಲವನ್ನೇ ಗುರಿಮಾಡುವುದಕ್ಕೆ. ಬೇಟೆಯ ಸುಖ ಕಳೆದುಹೋಗುತ್ತದೆಂಬ ಸ್ವಾರ್ಥವೂ ಅವನ ಮಾತಿನಲ್ಲಿ ಬೆರೆತಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಇಂದಿನ ನಮ್ಮ ಎಷ್ಟೋ ಶಾಸಕರಿಗಿಂತ ಆ ಶಿಕಾರಿ ಸ್ಪಷ್ಟವಾಗಿ ಯೋಚಿಸಿದ್ದ.

ಈಗ ನಮ್ಮ ಓದಿನ ಕಡೆ ತಿರುಗೋಣ. ಕನ್ನಡ ಓದುಗನ ತಲೆಯಲ್ಲಿರುವ ನರಭಕ್ಷಕ ಬಂದದ್ದು ಗೋವಿನ ಹಾಡಿನಿಂದಲ್ಲ, ತೇಜಸ್ವಿಯವರಿಂದ. ಕೆನೆತ್ ಆಂಡರ್ಸನ್‌ನ ಶಿಕಾರಿ ಅನುಭವಗಳನ್ನು ಅವರು 'ಕಾಡಿನ ಕಥೆಗಳು' ಎಂದು ಕನ್ನಡಕ್ಕೆ ತಂದರು. 'ಬೆಳ್ಳಂದೂರಿನ ನರಭಕ್ಷಕ', 'ಪೆದ್ದಚೆರುವಿನ ರಾಕ್ಷಸ', 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ'. ಜಿಮ್ ಕಾರ್ಬೆಟ್‌ನ ರುದ್ರಪ್ರಯಾಗದ ಚಿರತೆಯೂ ಅವರ ಕೈಯಿಂದಲೇ ಬಂತು. ಹಾವೇರಿ ಜಿಲ್ಲೆಯ ಯಾವುದೇ ಸಣ್ಣ ಗ್ರಂಥಾಲಯಕ್ಕೆ ಹೋಗಿ ನೋಡಿ, ರಟ್ಟು ಕಿತ್ತುಹೋದ ಪುಸ್ತಕ ಇವೇ ಆಗಿರುತ್ತವೆ. ನಾನೂ ಆ ರಟ್ಟು ಕಿತ್ತವರಲ್ಲಿ ಒಬ್ಬ.

ಈ ಪುಸ್ತಕಗಳನ್ನು ನಾವು ಹೇಗೆ ಓದಿದೆವು? ಒಂದು ಊರು, ಒಂದು ಭೀತಿ, ಒಬ್ಬ ಬೇಟೆಗಾರ, ಕೊನೆಗೊಂದು ಗುಂಡು. ಹಾಗೆ ಓದಿದ ಮನಸ್ಸಿಗೆ ಚಿರತೆ ಕಂಡ ಕೂಡಲೇ ಆ ಕೊನೆಯ ಗುಂಡು ನೆನಪಾಗುತ್ತದೆ. ಟಿವಿ ವಾಹಿನಿಗಳು ಸಿ.ಸಿ. ಕ್ಯಾಮೆರಾದಲ್ಲಿ ಬೀದಿ ದಾಟುವ ಚಿರತೆಯನ್ನು ಹಿನ್ನೆಲೆ ಸಂಗೀತದೊಂದಿಗೆ ಹತ್ತು ಸಲ ತೋರಿಸುವಾಗ ಉಪಯೋಗಿಸುವ ಪದಗಳೆಲ್ಲ ಈ ಕತೆಗಳ ತಲೆಬರಹಗಳಿಂದ ಎತ್ತಿಕೊಂಡವು. ಯಾರನ್ನೂ ಮುಟ್ಟದ ಪ್ರಾಣಿಗೂ 'ನರಭಕ್ಷಕ' ಎಂಬ ಬಿರುದು ಸಿಗುತ್ತದೆ.

ಆದರೆ ಪುಟಗಳನ್ನು ಎಣಿಸಿ ನೋಡಿ. ಗುಂಡು ಹಾರುವುದು ಒಂದು ಸಾಲಿನಲ್ಲಿ. ಉಳಿದ ಪುಟಗಳಲ್ಲಿ ನಡೆಯುವುದೆಲ್ಲ ವಿಚಾರಣೆ. ಹೆಜ್ಜೆ ಗುರುತು ಗಂಡಿನದೋ ಹೆಣ್ಣಿನದೋ, ಮುದಿಯೋ ಹರೆಯದ್ದೋ, ಕಾಲು ಊನವೇ, ಕೊಂದ ರೀತಿ ಅದೇ ಪ್ರಾಣಿಯದೇ, ಹಿಂದಿನ ಊರಿನಲ್ಲಿ ಕಂಡದ್ದೂ ಇದೂ ಒಂದೇಯೇ? ಮರದ ಮೇಲೆ ಕೂತು ಬೇರೊಂದು ಪ್ರಾಣಿ ಬಂದರೆ ಉಸಿರು ಬಿಗಿಹಿಡಿದು ಹೋಗಗೊಡುವುದು. ಕಾರ್ಬೆಟ್‌ನ ಪುಸ್ತಕದಲ್ಲಿ ಇದು ಇನ್ನೂ ಸ್ಪಷ್ಟ. 1918ರಿಂದ 1926ರವರೆಗೆ ಆ ಒಂದು ಚಿರತೆ 125 ಜನರನ್ನು ಕೊಂದಿತೆಂಬುದು ಸರ್ಕಾರದ ಲೆಕ್ಕ. ಸರ್ಕಾರ ಹತ್ತು ಸಾವಿರ ರೂಪಾಯಿ, ಎರಡು ಹಳ್ಳಿಗಳ ಇನಾಮು ಸಾರಿತು, ಹೊಸ ಬಂದೂಕು ಪರವಾನಗಿಗಳನ್ನು ಹಂಚಿತು, ಕಬ್ಬಿಣದ ಬಲೆ ಇಡಿಸಿತು, ಹೆಣಗಳಿಗೆ ವಿಷ ಸವರಿಸಿತು. ಎಂಟು ವರ್ಷ ಏನೂ ಆಗಲಿಲ್ಲ. ಹಣದ ಆಸೆಗೆ, ಭಯಕ್ಕೆ ಬೇರೆ ಬೇರೆ ಚಿರತೆಗಳು ಸತ್ತವು, ಕೊಲ್ಲುವ ಚಿರತೆ ಕೊಲ್ಲುತ್ತಲೇ ಹೋಯಿತು. ಅದನ್ನು ಮುಗಿಸಿದ್ದು ಆ ಒಂದನ್ನೇ ಗುರುತಿಸಲು ತಿಂಗಳುಗಟ್ಟಲೆ ನಿದ್ದೆಗೆಟ್ಟ ಒಬ್ಬ ಮನುಷ್ಯ. ಸತ್ತ ಮೇಲೆ ಆ ಮುದಿ ಪ್ರಾಣಿಯ ಬಗ್ಗೆ ಅವನಿಗೆ ದ್ವೇಷವೂ ಉಳಿಯುವುದಿಲ್ಲ. ಇನಾಮಿನ ರಾಜಕೀಯದ ಸೋಲನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪುಸ್ತಕ ನನಗೆ ಗೊತ್ತಿಲ್ಲ. ನಾವು ಅದನ್ನು ಕೊಲ್ಲುವ ಕತೆಯೆಂದು ಓದಿದೆವು. ಅದು ಗುರುತು ಹಿಡಿಯುವ ಕತೆ.

ಗುರುತು ಹಿಡಿಯುವುದೆಂದಾಗ ನನಗೆ ಮನೆಯಲ್ಲಿ ಕೇಳಿದ ಬೇರೊಂದು ಕತೆ ನೆನಪಾಗುತ್ತದೆ. ತೋಳಕ್ಕೆ ನಮ್ಮ ಬೀದಿಯಲ್ಲಿ ತ್ವಾಳ ಎನ್ನುತ್ತಾರೆ, ಉರ್ದು ಪಠ್ಯದಲ್ಲಿ ಭೇಡಿಯಾ, ಮನೆಯ ದಖ್ಖನಿಯಲ್ಲಿ ಲಾಂಡ್ಗಾ. ನಮ್ಮಲ್ಲಿ ಈ ಲಾಂಡ್ಗಾ ಮೊದಲು ಬರುವುದು ಯೂಸುಫರ ಕಿಸ್ಸಾದಲ್ಲಿ. ಅಣ್ಣಂದಿರು ಯೂಸುಫರನ್ನು ಬಾವಿಗೆ ತಳ್ಳಿ, ಅಂಗಿಗೆ ಬೇರೆ ರಕ್ತ ಬಳಿದು, ತೋಳ ತಿಂದಿತೆಂದು ಅಳುತ್ತಾ ಬರುತ್ತಾರೆ. ತಂದೆ ಯಾಕೂಬರು ನಂಬುವುದಿಲ್ಲ, ಇದು ನಿಮ್ಮ ಮನಸ್ಸು ಕಟ್ಟಿದ ಮಾತು ಎನ್ನುತ್ತಾರೆ. ಕುರ್‌ಆನಿನಲ್ಲಿ ಇಷ್ಟು. ವ್ಯಾಖ್ಯಾನಕಾರರು ಇದಕ್ಕೆ ಒಂದು ವಿವರ ಸೇರಿಸಿದ್ದಾರೆ: ಯಾಕೂಬರು ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದರಂತೆ. ರಕ್ತವಿದೆ, ಹರಿದಿಲ್ಲ. ಅಂಗಿ ಹರಿಯದೆ ಮಗನನ್ನು ತಿಂದ ಇದೆಂಥ ಸಂಭಾವಿತ ತೋಳ ಎಂದು ಕೇಳಿದರಂತೆ. ಕಿಸ್ಸಾ ಹೇಳುವವರು ಇನ್ನೂ ಮುಂದೆ ಹೋಗುತ್ತಾರೆ. ಅಣ್ಣಂದಿರು ಯಾವುದೋ ಒಂದು ತೋಳವನ್ನು ಹಿಡಿದು ತಂದು ಇದೇ ಎಂದು ನಿಲ್ಲಿಸುತ್ತಾರೆ, ತೋಳಕ್ಕೆ ಮಾತು ಬರುತ್ತದೆ, ನಾನಲ್ಲ ಎನ್ನುತ್ತದೆ. ಬಾಯಿಗೆ ರಕ್ತ ಹತ್ತಿದ, ಯೂಸುಫರನ್ನು ಮುಟ್ಟದ ತೋಳ ಎಂಬುದು ಫಾರಸಿಯಲ್ಲಿ ಗಾದೆಯೇ ಆಗಿದೆ. ಸುಳ್ಳು ಆರೋಪ ಹೊತ್ತವನಿಗೆ ಅದನ್ನು ಹೇಳುತ್ತಾರೆ.

ಯಾವುದೋ ಒಂದನ್ನು ಹಿಡಿದು ತಂದು ಇದೇ ಎಂದು ನಿಲ್ಲಿಸುವುದು. ಇನಾಮಿನ ಐವತ್ತು ವರ್ಷಗಳಲ್ಲಿ ನಡೆದದ್ದು ಅದು. ಈಗಲೂ ಒತ್ತಡ ಬಂದಾಗ ಸರ್ಕಾರಗಳಿಂದ ಜನ ಕೇಳುವುದು, ಸರ್ಕಾರಗಳು ಕೊಡಲು ಹೊರಡುವುದು ಅದನ್ನೇ.

ಈಗಿನ ಕಾನೂನು ಹಾಗೆ ಹೇಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನಾಮಿನ ಪಟ್ಟಿಯನ್ನು ತಲೆಕೆಳಗು ಮಾಡಿತು. ಹುಲಿ, ಚಿರತೆ, ತೋಳಗಳೆಲ್ಲ ಇಂದು ಮೊದಲ ಅನುಸೂಚಿಯಲ್ಲಿವೆ. ಅವುಗಳಲ್ಲಿ ಒಂದನ್ನು ಕೊಲ್ಲಬೇಕಾದರೆ 11ನೇ ಕಲಮಿನ ಪ್ರಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಆದೇಶಿಸಬೇಕು. ಆ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯವಾಗಿರಬೇಕು ಅಥವಾ ಗುಣವಾಗದ ರೋಗ, ಊನ ಇರಬೇಕು. ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆ ಸಾಗಿಸಲು ಆಗುವುದಿಲ್ಲವೆಂದು ಖಚಿತವಾಗಬೇಕು. ಕಾಯ್ದೆಯ ಭಾಷೆ ಒಂದು ಪ್ರಾಣಿಯ ಬಗ್ಗೆ ಮಾತಾಡುತ್ತದೆ. ಕಾಗದದ ಮೇಲೆ ಯಾಕೂಬರ ಪ್ರಶ್ನೆಗೆ ಜಾಗ ಸಿಕ್ಕಿದೆ.

ಆಚರಣೆ ಬೇರೆ. 2014ರಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ತೋಟದ ಕೆಲಸದ ಹೆಣ್ಣುಮಗಳೊಬ್ಬಳು ಹುಲಿಗೆ ಬಲಿಯಾದಳು. ಜನ ರೊಚ್ಚಿಗೆದ್ದರು. ಒಂದು ಹುಲಿಯನ್ನು ಹಿಡಿದರು. ಹಿಡಿದದ್ದನ್ನು ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ದೂರದ ಬೆಳಗಾವಿ ಜಿಲ್ಲೆಯ ಭೀಮಗಡ ಕಾಡಿಗೆ ತಂದು ಬಿಟ್ಟರು. ಆ ಕಾಡಿನಂಚಿನ ಖಾನಾಪುರ ತಾಲೂಕಿನ ಹಳ್ಳಿಗಳವರನ್ನು ಯಾರೂ ಕೇಳಲಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಇನ್ನೊಬ್ಬ ಹೆಣ್ಣುಮಗಳು ಸತ್ತಳು. ಆ ತಿಂಗಳ ಕೊನೆಗೆ ಹುಲಿಯನ್ನು ಗುಂಡಿಟ್ಟು ಕೊಂದರು. ಒಬ್ಬರ ಅಂಗಳದ ಭಯವನ್ನು ಇನ್ನೊಬ್ಬರ ಅಂಗಳಕ್ಕೆ ಸುರಿದು, ಅಲ್ಲಿ ಹೆಣ ಬಿದ್ದ ಮೇಲೆ ಬಂದೂಕು ತಂದದ್ದು ಸರ್ಕಾರ. ಹುಲಿಯನ್ನು ಕೊಲ್ಲಬಾರದಿತ್ತೆಂದು ನಾನು ಹೇಳಲಾರೆ, ಹೊತ್ತು ಅಲ್ಲಿಗೆ ಬಂದಾಗ ಬೇರೆ ದಾರಿ ಉಳಿದಿರಲಿಲ್ಲವೇನೋ. ಆದರೆ ಆ ಹೊತ್ತನ್ನು ತಂದವರ ಹೆಸರು ಯಾವ ವರದಿಯ ತಲೆಬರಹದಲ್ಲೂ ಬರಲಿಲ್ಲ. ನರಭಕ್ಷಕ ಸತ್ತಿತು, ಕತೆ ಮುಗಿಯಿತು.

2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ಟಿ. ನರಸೀಪುರ ತಾಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು, ಅವರಲ್ಲಿ ಕಾಲೇಜು ಓದುವ ಮಕ್ಕಳೂ ಇದ್ದರು, ಹನ್ನೊಂದರ ಹುಡುಗನೂ ಇದ್ದ. ಡಿಸೆಂಬರಿನಲ್ಲಿ ಗುಂಡಿಕ್ಕುವ ಆದೇಶ ಬಂತು, ಪರಿಹಾರದ ಮೊತ್ತ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿತು. ಬೋನುಗಳಿಗೆ ಒಂದಕ್ಕಿಂತ ಹೆಚ್ಚು ಚಿರತೆಗಳು ಬಿದ್ದವು. ಯಾವುದು ಕೊಂದದ್ದು ಎಂಬ ಚರ್ಚೆ ನಡೆಯುತ್ತಲೇ ಇತ್ತು. 2023ರ ನವೆಂಬರ್ ಮೊದಲ ದಿನ ಬೆಂಗಳೂರಿನ ಕೂಡ್ಲು ಗೇಟಿನಲ್ಲಿ ಯಾರನ್ನೂ ಕೊಂದಿರದ ಚಿರತೆಯೊಂದು ಹಿಡಿಯುವ ಕಾರ್ಯಾಚರಣೆಯಲ್ಲೇ ಗುಂಡು ತಗುಲಿ ಸತ್ತಿತು. ನೆರೆಯ ಮಹಾರಾಷ್ಟ್ರದ ಯವತಮಾಳದಲ್ಲಿ 2018ರಲ್ಲಿ ಅವನಿ ಎಂಬ ಹೆಣ್ಣು ಹುಲಿಯನ್ನು ಕೊಲ್ಲಲು ಸರ್ಕಾರ ಹೈದರಾಬಾದಿನಿಂದ ಖಾಸಗಿ ಬೇಟೆಗಾರರನ್ನು ಕರೆಸಿತು. ಅದಕ್ಕೆ ಎರಡು ಮರಿಗಳಿದ್ದವು. ಇನ್ನೊಬ್ಬ ನೆರೆಯವರಾದ ಕೇರಳದ ವಿಧಾನಸಭೆ 2025ರ ಅಕ್ಟೋಬರಿನಲ್ಲಿ ಇಂಥ ಆದೇಶಗಳನ್ನು ಬೇಗ ಹೊರಡಿಸಲು ಅನುವಾಗುವ ತಿದ್ದುಪಡಿ ಮಸೂದೆಯನ್ನೇ ಅಂಗೀಕರಿಸಿತು. ಇಲ್ಲಿ 'ಬೇಗ' ಎಂಬ ಪದವೇ ನನಗೆ ಭಯ ಹುಟ್ಟಿಸುತ್ತದೆ.

ಯಾಕೆಂದರೆ ಬೇಗ ಹೊರಟ ಗುಂಡು ಪ್ರಾಣಿಗಳ ಬಳಿ ನಿಲ್ಲುವುದಿಲ್ಲ. 1996ರಲ್ಲಿ ಉತ್ತರ ಪ್ರದೇಶದ ಪ್ರತಾಪಗಢ, ಜೌನ್‌ಪುರ, ಸುಲ್ತಾನ್‌ಪುರ ಜಿಲ್ಲೆಗಳಲ್ಲಿ ತೋಳಗಳು ಹತ್ತಾರು ಬಡ ಮಕ್ಕಳನ್ನು ಎತ್ತಿಕೊಂಡು ಹೋದವು. ಬಾಗಿಲಿಲ್ಲದ ಗುಡಿಸಲುಗಳ ಮಕ್ಕಳು. ಬಂದೂಕಿನವರು ಹೋದರು, ಕಂಡ ಕಂಡ ತೋಳಗಳನ್ನು ಕೊಂದರು. ಮಕ್ಕಳು ಸಾಯುವುದು ನಿಲ್ಲದಾದಾಗ ಜನ ಬೇರೆ ಮಾತಾಡತೊಡಗಿದರು: ಇದು ತೋಳವಲ್ಲ, ತೋಳದ ವೇಷದ ಮನುಷ್ಯ, ಅಲ್ಲ, ತೋಳದ ಚರ್ಮ ಹೊದ್ದು ಬಂದ ಪಾಕಿಸ್ತಾನದ ನುಸುಳುಕೋರ. ದಾರಿಹೋಕರ ಮೇಲೆ, ಅಪರಿಚಿತರ ಮೇಲೆ ಜನ ಮುಗಿಬಿದ್ದರು, ಹೊಡೆದು ಕೊಂದರು. ಆಮೇಲೆ ಅಲ್ಲಿ ಅಧ್ಯಯನ ಮಾಡಿದ ಯಾದವೇಂದ್ರದೇವ್ ಝಾಲಾ ಮುಂತಾದ ವಿಜ್ಞಾನಿಗಳು ಕಂಡದ್ದು, ಇಷ್ಟಕ್ಕೂ ಕಾರಣ ಒಂದೇ ಗುಂಪು, ಪ್ರಾಯಶಃ ಅದರೊಳಗಿನ ಒಂದೇ ತೋಳ. 2024ರಲ್ಲಿ ಅದೇ ರಾಜ್ಯದ ಬಹ್ರೈಚ್‌ನಲ್ಲಿ ಮತ್ತೆ ತೋಳಗಳು ಮಕ್ಕಳನ್ನು ಕೊಂದಾಗ ಮತ್ತೆ ಕಂಡಲ್ಲಿ ಗುಂಡಿನ ಆದೇಶ. ಐದು ತೋಳಗಳನ್ನು ಹಿಡಿದರು, ಆರನೆಯದನ್ನು ಊರವರು ಹೊಡೆದು ಕೊಂದರು. ಮಗುವನ್ನು ಕಳಕೊಂಡ ತಾಯಿ ಗುರುತು ಪತ್ತೆಯ ವರದಿ ಬರಲಿ ಎಂದು ಕಾಯಲಾರಳು, ಕಾಯಬೇಕೆಂದು ಅವಳಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಕಾಯಬೇಕಾದದ್ದು, ನೋಡಬೇಕಾದದ್ದು ಸರ್ಕಾರ. ತಾಯಿಯ ದುಃಖವನ್ನು ಮುಂದಿಟ್ಟುಕೊಂಡು ಸರ್ಕಾರ ತನ್ನ ಕೆಲಸ ತಪ್ಪಿಸಿಕೊಳ್ಳುವುದನ್ನು ನಾವು ನ್ಯಾಯವೆಂದು ಕರೆಯುತ್ತಿದ್ದೇವೆ.

ಹಾಗೆಂದು ನಗರದ ಪ್ರಾಣಿಪ್ರಿಯರ ಜೊತೆ ನಿಲ್ಲಲೂ ನನಗೆ ಮುಜುಗರ. ಅವರ ಗೋಡೆಯ ಮೇಲಿನ ಹುಲಿ ಚಿತ್ರಕ್ಕೆ ಬೆಲೆ ತೆರುವವನು ಬೇರೆಲ್ಲೋ ಇರುತ್ತಾನೆ. ಮಾಸೂರಿನ ಗುಡ್ಡದಂಚಿನಲ್ಲಿ ಕುರಿ ಮೇಯಿಸುವ ಹಿರಿಯರೊಬ್ಬರ ಜೊತೆ ಒಮ್ಮೆ ಈ ವಿಷಯ ಮಾತಾಡುತ್ತಿದ್ದೆ. ಗೋವಿನಜೋಳ ಆಳೆತ್ತರ ಬೆಳೆದು ನಿಂತ ದಿನಗಳು, ಒಳಗೆ ಚಿರತೆ ಇದೆಯೆಂದು ಊರೆಲ್ಲ ಗುಸುಗುಸು. ಅವರು ಹೇಳಿದರು: 'ಹಿಂಡಿನಾಗ ಒಂದು ತ್ವಾಳದ ಪಾಲು ಅಂತಿದ್ರು ನಮ್ಮ ಹಿರ್ಯಾರು. ಆಗ ಹಿಂಡು ದೊಡ್ಡದಿತ್ತು, ಅಡವೀನೂ ದೊಡ್ಡದಿತ್ತು. ಈಗ ಇರೋವು ಇಪ್ಪತ್ತು ಕುರಿ, ಅದರಾಗ ಪಾಲು ಕೊಟ್ರ ನಾ ಏನ್ ತಿನ್ಲಿ?' ಅವರ ಮಾತಿನಲ್ಲಿ ತೋಳದ ಮೇಲೆ ಸಿಟ್ಟಿರಲಿಲ್ಲ. ಲೆಕ್ಕ ಕೂಡುತ್ತಿಲ್ಲ ಎಂಬ ಸಂಕಟವಿತ್ತು. ಹುಲ್ಲುಗಾವಲು ನಿವೇಶನವಾಯಿತು, ನೀಲಗಿರಿ ತೋಪಾಯಿತು. ಪಕ್ಕದ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆಂದು 1974ರಲ್ಲಿ 119 ಚದರ ಕಿ.ಮೀ. ಅಭಯಾರಣ್ಯ ಮಾಡಿದರು, ಆ ಹುಲ್ಲು ಬಯಲಿನ ಬಹುಭಾಗದಲ್ಲೂ ನೀಲಗಿರಿ ನೆಟ್ಟರು. ಅಲ್ಲಿಯ ತೋಳಕ್ಕೂ ಈ ಕುರುಬರಿಗೂ ಒಂದೇ ಬಗೆಯ ನಷ್ಟ.

ಲೆಕ್ಕ ಕೂಡದಾದಾಗ ಏನಾಗುತ್ತದೆಂದು 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಕಂಡೆವು. ಹಸುವನ್ನು ಹುಲಿ ಕೊಂದಿತೆಂದು ಅದರ ಕಳೇಬರಕ್ಕೆ ವಿಷ ಹಾಕಲಾಯಿತು. ಒಂದು ತಾಯಿ, ನಾಲ್ಕು ಮರಿ, ಐದು ಹುಲಿಗಳು ಒಟ್ಟಿಗೆ ಸತ್ತುಬಿದ್ದವು. ಆರೋಪಿಗಳ ಬಂಧನವಾಯಿತು, ನಾಡೆಲ್ಲ ಮರುಗಿತು. ಅದು ಸರ್ಕಾರದ ಕೊಲೆಯಲ್ಲ, ಕಾನೂನಿನ ಕಣ್ಣಲ್ಲಿ ಅಪರಾಧ. ಆದರೆ ಕಳೇಬರಕ್ಕೆ ವಿಷ ಸವರುವುದು ಒಂದು ಕಾಲದಲ್ಲಿ ಆಡಳಿತವೇ ಮಾಡಿಸಿದ ಕೆಲಸ, ಕಾರ್ಬೆಟ್‌ನ ಪುಸ್ತಕದಲ್ಲೇ ಅದಿದೆ. ವಿಷ ಯಾರು ತಿನ್ನುತ್ತಾರೆಂದು ನೋಡುವುದಿಲ್ಲ, ಇನಾಮಿನಂತೆಯೇ. ಹಾಲು ಕುಡಿಯುವ ಮರಿಯ ಬಾಯಿಯನ್ನೂ ಅದು ಅಪರಾಧಿಯ ಬಾಯಿ ಎಂದೇ ಲೆಕ್ಕ ಹಿಡಿಯುತ್ತದೆ.

ಕೆನ್ನಾಯಿಯ ಮಾತು ಹೇಳದೆ ಮುಗಿಸಲಾರೆ. ಹುಲಿ ಚಿರತೆಗಳಿಗಾದರೂ ಒಂದು ಘನತೆ ಇತ್ತು, ಸಾಹೇಬರು ಅವುಗಳ ಜೊತೆ ನಿಂತು ಫೋಟೊ ತೆಗೆಸಿಕೊಂಡರು. ಕೆನ್ನಾಯಿಯನ್ನು ಶಿಕಾರಿಗಳೂ ಅಸಹ್ಯಪಟ್ಟರು. ಜೀವಂತ ಹರಿದು ತಿನ್ನುವ ಕ್ರೂರಿ ಎಂದು ಹೆಸರಿಟ್ಟು, ತಮ್ಮ ಜಿಂಕೆಯನ್ನು ಕದಿಯುವ ಕಳ್ಳನೆಂದು ಬಾಲಕ್ಕೆ ಇಷ್ಟು, ತಲೆಗೆ ಇಷ್ಟು ಎಂದು ಬೆಲೆ ಕಟ್ಟಿದರು. 1972ರ ಕಾಯ್ದೆಯ ತನಕ ಅದು ನಡೆಯಿತು. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಅವುಗಳ ಹಿಂದೆ ನಡೆಯತೊಡಗಿದರು. ಆಮೇಲೆ ಕೃಪಾಕರ–ಸೇನಾನಿ ವರ್ಷಗಟ್ಟಲೆ ಅದೇ ಕಾಡಿನಲ್ಲಿ ಕೂತರು, ಚಿತ್ರ ಮಾಡಿದರು, 'ಕೆನ್ನಾಯಿಯ ಜಾಡಿನಲ್ಲಿ' ಎಂದು ಕನ್ನಡದಲ್ಲೇ ಬರೆದರು. ನಮ್ಮ ಪ್ರಾಣಿ ಸಾಹಿತ್ಯದಲ್ಲಿ ಒಂದು ತಿರುವು ಇದ್ದರೆ ಅದು ಈ ಪುಸ್ತಕ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಗುಂಡಿಲ್ಲ. ಮರಿಗಳಿಗೆ ಮೊದಲು ತಿನ್ನಬಿಟ್ಟು ದೊಡ್ಡವು ಪಕ್ಕದಲ್ಲಿ ಕಾದು ನಿಲ್ಲುವ ಒಂದು ಕುಟುಂಬವಿದೆ. ಆಂಡರ್ಸನ್‌ನಿಗೆ ಸಿಕ್ಕ ಓದುಗರ ಕಾಲುಭಾಗ ಈ ಪುಸ್ತಕಕ್ಕೆ ಸಿಕ್ಕಿದ್ದರೂ ನಮ್ಮ ಟಿವಿ ಭಾಷೆ ಸ್ವಲ್ಪ ಬದಲಾಗುತ್ತಿತ್ತೇನೋ.

ಮಾಸೂರಿನ ಆ ಹಿರಿಯರ ಹಿಂಡಿಗೆ ಮತ್ತೊಂದು ರಾತ್ರಿ ಯಾವುದೋ ಪ್ರಾಣಿ ನುಗ್ಗಿ ಮೂರು ಕುರಿ ಕೊಂದಿತು. ತ್ವಾಳ ಎಂದಿತು ಊರು. ಪರಿಹಾರಕ್ಕೆ ಪಂಚನಾಮೆ ಬೇಕು, ಅರಣ್ಯದವರು ಬರಬೇಕು, ಪಶುವೈದ್ಯರು ಗಾಯ ನೋಡಿ ಬರೆದುಕೊಡಬೇಕು. ತೋಳವಾದರೆ ಹಣ ಬರುತ್ತದೆ, ಬೀದಿನಾಯಿಯಾದರೆ ಅರಣ್ಯ ಇಲಾಖೆಯ ಬಾಬತ್ತಲ್ಲ. ಗುಡ್ಡದ ಕಡೆ ಈಗ ತೋಳಕ್ಕಿಂತ ಬೀದಿನಾಯಿಗಳ ಹಿಂಡೇ ಹೆಚ್ಚು, ರಾತ್ರಿ ಎರಡೂ ಒಂದೇ ರೀತಿ ಕಾಣುತ್ತವೆ. ಹಲ್ಲಿನ ಗುರುತು ಕುತ್ತಿಗೆಯಲ್ಲಿದೆಯೋ ತೊಡೆಯಲ್ಲಿದೆಯೋ ನೋಡಿದರೆ ತಿಳಿದವರಿಗೆ ಗೊತ್ತಾಗುತ್ತದಂತೆ. ಎರಡು ದಿನ ಕಾದರು. ವಾಸನೆ ತಾಳಲಾರದೆ ಮೂರನೆಯ ದಿನ ಹೂತರು. ನಾನು ಹೋದಾಗ ಅವರು ಒಂದು ಕುರಿಯ ಚರ್ಮವನ್ನು ಮಾತ್ರ ಉಪ್ಪು ಸವರಿ, ಗಾಯದ ಭಾಗ ಮೇಲೆ ಮಾಡಿ, ಸೂರಿನ ಕೆಳಗೆ ಹರಡಿಟ್ಟಿದ್ದರು. ಯಾರಾದರೂ ಬಂದರೆ ತೋರಿಸಲು ಇರಲಿ ಎಂದು.